ಗಂಡು ನೋಡಲು ಬೆಟ್ಟ ಹತ್ತಿದ್ದು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಸೋಮವಾರ. ಎಂಟನೇ ಕ್ಲಾಸು, ಗಣಿತದ ಪೀರಿಯಡ್ಡು. ಅರಸೀಕೆರೆ ಜಂಕ್ಷನ್ನಿನ ಪಕ್ಕ ಶಾಲೆ ಕಟ್ಟಿದವರದ್ದೇ ತಪ್ಪು ಅಂತ ಈಗಲೂ ನನ್ನ ವಾದ. ಕಿಟಕಿಯಾಚೆ ಒಂದಾದ ಮೇಲೊಂದು ರೈಲು ಎಲ್ಲಿಗೋ ಹೋಗುತ್ತಿರುವಾಗ, ಒಳಗೆ ಕೂತು ಒಂದು ರೈಲು ಇನ್ನೊಂದನ್ನು ಎಷ್ಟು ಹೊತ್ತಿಗೆ ದಾಟುತ್ತದೆ ಅಂತ ಲೆಕ್ಕ ಮಾಡು ಅಂದರೆ ಯಾವ ಹುಡುಗ ಮಾಡುತ್ತಾನೆ? ನೋಡಿಕೊಂಡೇ ಬರೋಣ ಅಂತ ಎದ್ದು ಹೊರಟೆ. ಇನ್ನೂ ವಾಪಸ್ ಹೋಗಿಲ್ಲ.

ಹುಬ್ಬಳ್ಳಿಯ ಕ್ಯಾಂಟೀನು, ಮನಾಲಿಯ ಧಾಬಾ, ದುಬೈ, ಒಂದು ಹಡಗಿನ ಅಡುಗೆಮನೆ, ಕೊನೆಗೆ ಮ್ಯಾನ್‌ಹೈಮ್‌ನ ಒಂದು ಇಂಡಿಯನ್ ಹೋಟೆಲು. ಎಲ್ಲಿ ಹೋದರೂ ಇಂಥವು ನನಗೇ ಆಗುತ್ತವೆ. ನನ್ನ ಪಾಡಿಗೆ ನಾನು ಈರುಳ್ಳಿ ಹೆಚ್ಚುತ್ತಾ ನಿಂತಿದ್ದರೂ ಯಾರಾದರೊಬ್ಬರು ಹಿಂಬಾಗಿಲಿನಿಂದ ತಲೆ ಹಾಕಿ, ‘ಗುರು, ಒಂದು ಸಣ್ಣ ಕೆಲಸ ಇತ್ತು’ ಅನ್ನುತ್ತಾರೆ. ಆ ಸಣ್ಣ ಕೆಲಸ ಹೋದ ವರ್ಷ ಜರ್ಮನಿಯ ಅತಿ ಎತ್ತರದ ಬೆಟ್ಟದಷ್ಟಿತ್ತು.

ಉಪ್ಪಿಟ್ಟಿಲ್ಲದ ಶಾಸ್ತ್ರ

ತಲೆ ಹಾಕಿದವನು ನಮ್ಮ ಹುಬ್ಬಳ್ಳಿ ಹುಡುಗ. ಮ್ಯಾನ್‌ಹೈಮ್‌ನಲ್ಲಿ ಓದುತ್ತಿದ್ದಾಗ ನಮ್ಮ ಅಡುಗೆಮನೆಯ ಹಿಂದೆ ನಿಂತು ಅನ್ನ ಸಾರು ಉಂಡು ಬೆಳೆದವನು. ಈಗ ಸ್ಟುಟ್‌ಗಾರ್ಟ್‌ನಲ್ಲಿ ಕಾರಿನ ಬ್ರೇಕು ಮಾಡುವ ಕಂಪನಿಯಲ್ಲಿ ಇಂಜಿನಿಯರ್. ನಾನು ಅವನಿಗೆ ಗುರು, ಅವನು ನನಗೆ ಮಗಾ.

ಮ್ಯೂನಿಕ್‌ನಲ್ಲಿ ನಮ್ಮ ಕಡೆಯವರು ಸೇರಿದ್ದ ಒಂದು ಈದ್ ಊಟದಲ್ಲಿ, ಬಿರಿಯಾನಿ ಸಾಲಿನಲ್ಲಿ, ಇವನ ಮುಂದೆ ಒಬ್ಬಳು ಮೈಸೂರಿನ ಹುಡುಗಿ ನಿಂತಿದ್ದಳಂತೆ. ಅವಳಿಗೆ ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಇವನು ತನ್ನ ತಟ್ಟೆಯ ಮೊಟ್ಟೆಯನ್ನು ಅವಳ ತಟ್ಟೆಗೆ ಹಾಕಿದ. ಅಲ್ಲಿಂದ ಶುರುವಾಗಿ ಮಾತು ಎರಡೂ ಮನೆಗಳವರೆಗೆ ಹೋಯಿತು. ಎಲ್ಲರೂ ಒಪ್ಪಿದರು. ಉಳಿದದ್ದು ಹುಡುಗಿಯ ತಂದೆಯ ಹೂಂ ಒಂದೇ ಅಂತ ನಮ್ಮ ಲೆಕ್ಕ.

ತಂದೆ ರಿಟೈರ್ಡ್ ಫಾರೆಸ್ಟ್ ಆಫೀಸರು. ಮಗಳನ್ನು ನೋಡಲು ವೀಸಾ ಮಾಡಿಸಿಕೊಂಡು ಬಂದಿದ್ದರು. ಗಂಡು ನೋಡುವುದರಲ್ಲಿ ಅವರದ್ದೇ ಒಂದು ಪದ್ಧತಿ. ‘ಸೋಫಾ ಮೇಲೆ ಕೂತು ಸಮೋಸ ತಿನ್ನುವಾಗ ಎಲ್ಲಾ ಹುಡುಗರೂ ಒಳ್ಳೆಯವರೇ. ಉಸಿರು ಹತ್ತಿದಾಗ ನೋಡಬೇಕು’ ಅನ್ನುವವರು. ಹಿಂದೆ ಬಂದ ಒಬ್ಬ ಗಂಡನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿದ್ದರಂತೆ. ಅವನು ನಂದಿಯ ಹತ್ತಿರ ಕೂತು, ಎಳನೀರು ಕುಡಿದು, ಆಟೋದಲ್ಲಿ ಇಳಿದು ಹೋದವನು ಮತ್ತೆ ಫೋನ್ ಮಾಡಲಿಲ್ಲವಂತೆ. ಇಲ್ಲಿಗೆ ಬಂದ ಮಾರನೇ ದಿನವೇ ಮಗಳನ್ನು ಕೇಳಿದ್ದರು: ‘ಈ ದೇಶದಲ್ಲಿ ಎಲ್ಲಕ್ಕಿಂತ ಎತ್ತರ ಯಾವುದಮ್ಮಾ?’

ತ್ಸುಗ್‌ಶ್ಪಿಟ್ಸೆ. ಸುಮಾರು ಮೂರು ಸಾವಿರ ಮೀಟರು. ಕೆಳಗಿನಿಂದ ನಡೆದು, ಮೇಲಿನ ಗುಡಿಸಲಿನಲ್ಲಿ ರಾತ್ರಿ ಮಲಗಿ, ಬೆಳಗ್ಗೆ ತುದಿ ಮುಟ್ಟುವುದು ಅಂತ ತೀರ್ಮಾನವಾಯಿತು.

ಹುಡುಗ ಬಿಳಿಚಿಕೊಂಡಿದ್ದ. ‘ಗುರು, ಸ್ಟುಟ್‌ಗಾರ್ಟ್ ಅಂದ್ರನ ಗುಡ್ಡ. ಮನಿಯಿಂದ ಟ್ರಾಮ್ ಸ್ಟಾಪಿಗೆ ಏರೂದ್ರಾಗ ನಾ ನಡುವ ನಿಂತು ಫೋನ್ ನೋಡಿದಂಗ ಮಾಡ್ತೇನಿ. ಆ ಬೆಟ್ಟದ ಮ್ಯಾಲ ಎಷ್ಟು ಫೋನ್ ನೋಡ್ಲಿ?’

ಹಿಮಾಲಯದ ಅನುಭವ

ಅವನಿಗೆ ನಾನು ಯಾಕೆ ಬೇಕಿತ್ತೆಂದರೆ, ‘ನೀ ಮನಾಲ್ಯಾಗ ಇದ್ದಿಯಲ್ಲ’ ಅಂತ. ಇದ್ದೆ. ಅಲ್ಲಿನ ಬೆಟ್ಟಗಳ ಬಗ್ಗೆ ಪರೋಟ ಹಿಟ್ಟು ನಾದುವಾಗ ಅವನಿಗೆ ಏನೇನೋ ಹೇಳಿದ್ದೂ ನಿಜ. ಅವನು ಅದನ್ನು ಹುಡುಗಿಗೆ ಹೇಳಿ, ಹುಡುಗಿ ಅಪ್ಪನಿಗೆ ಹೇಳಿ, ಮೂರನೇ ಬಾಯಿಗೆ ಹೋಗುವ ಹೊತ್ತಿಗೆ ನಾನು ಹಿಮಾಲಯದ ಗೈಡ್ ಆಗಿದ್ದೆ. ಅಡುಗೆಯೂ ಮಾಡುವ ಗೈಡು.

ಬೆಟ್ಟದ ಬುಡದ ಊರಾದ ಗಾರ್ಮಿಶ್ ಸ್ಟೇಷನ್ನಿನಲ್ಲಿ ಬೆಳ್ಳಂಬೆಳಗ್ಗೆ ಸೇರಿದೆವು. ನನ್ನ ಬೆನ್ನಿನ ಚೀಲದಲ್ಲಿ ಚಿತ್ರಾನ್ನ, ಚಪಾತಿ, ಡಬ್ಬಿಯಲ್ಲಿ ಮೊಸರನ್ನ, ಅದಕ್ಕೆ ಬಿಸಿಬಿಸಿ ಒಗ್ಗರಣೆ ಹಾಕಲು ಸೌಟು, ಸಾಸಿವೆ, ಒಂದು ಪೊಟ್ಟಣ ಗುಂಟೂರು ಮೆಣಸಿನಕಾಯಿ. ಹುಡುಗಿಯ ಚೀಲದಲ್ಲಿ ನೀರು, ಜಾಕೆಟ್ಟು, ಮಾತ್ರೆ. ಹುಡುಗನ ಚೀಲದಲ್ಲಿ, ಆಮೇಲೆ ಗೊತ್ತಾಯಿತು, ಹುಡುಗಿಯ ತಂದೆಗೆ, ಅಂದರೆ ನಮ್ಮ ಫಾರೆಸ್ಟ್ ಸಾಹೇಬರಿಗೆ, ಕೊಡಲೆಂದು ತಂದ ಎರಡು ಡಬ್ಬಿ ಧಾರವಾಡ ಪೇಡೆ ಮತ್ತು ಇಸ್ತ್ರಿ ಮಾಡಿದ ಒಂದು ಅಂಗಿ. ಸಾಹೇಬರು ಇಲಾಖೆಯ ಹಳೇ ಖಾಕಿ ಸ್ವೆಟರ್ ಹಾಕಿಕೊಂಡು, ಬೆತ್ತದ ಕೋಲು ಹಿಡಿದು, ಸ್ಟೇಷನ್ನಿನಲ್ಲಿದ್ದ ಎಲ್ಲರಿಗಿಂತ ನೆಟ್ಟಗೆ ನಿಂತಿದ್ದರು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಹಿಮಾಲಯದಲ್ಲಿ ಎಲ್ಲಿವರೆಗೆ ಹೋಗಿದ್ದೀಯಪ್ಪಾ?’

ಸುಳ್ಳು ಹೇಳಬಹುದಿತ್ತು. ಆದರೆ ಆ ಕ್ಷಣದಲ್ಲಿ ಮೋಡ ಸರಿದು ಅವರ ಹೆಗಲಿನ ಹಿಂದೆ ಆ ಬೆಟ್ಟ ಕಾಣಿಸಿತು. ಊರಿನ ಮನೆಗಳ ಚಾವಣಿಯ ಮೇಲೆ, ಚರ್ಚಿನ ಗೋಪುರದ ಮೇಲೆ, ಮೋಡದ ಮೇಲೆ, ನೋಡೋಣ ಅಂತ ಕತ್ತು ಎತ್ತಿದಷ್ಟೂ ಇನ್ನೂ ಮೇಲೆ. ಅಷ್ಟು ದೊಡ್ಡದು ಎದುರಿಗೆ ನಿಂತಾಗ ಬಾಯಲ್ಲಿ ಸುಳ್ಳು ಬರುವುದಿಲ್ಲ.

‘ಸಿಂಕ್‌ವರೆಗೆ ಸರ್’ ಅಂದೆ. ‘ಪಾತ್ರೆ ತೊಳೀತಿದ್ದೆ. ಕಿಟಕಿಯಿಂದ ಕಾಣ್ತಿತ್ತು.’

ಮೀಟಿಂಗಿಗೆ ಲೇಟಾದವರು

ದಾರಿ ಶುರುವಾಗುವುದೇ ಒಂದು ಕೊರಕಲಿನಲ್ಲಿ. ಎರಡು ಕಡೆಯೂ ಕಪ್ಪು ಬಂಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತಲೆಯ ಮೇಲೆ ಆಕಾಶ ಒಂದು ರಿಬ್ಬನ್ನಿನಷ್ಟು. ಕೆಳಗೆ ಹಸಿರು ನೀರು, ಒಂದು ಇಡೀ ನದಿ, ಬಾಗಿಲಿನಷ್ಟು ಜಾಗದಲ್ಲಿ ನುಗ್ಗಿ ಹೋಗುತ್ತಿದೆ. ಬಂಡೆಯಲ್ಲಿ ಕೊರೆದ ಓಣಿಯಲ್ಲಿ ನಾವು. ಮೇಲಿಂದ ಮುತ್ತಿನ ಹಾಗೆ ನೀರು ಸುರಿಯುತ್ತಿತ್ತು. ಹಡಗಿನಲ್ಲಿದ್ದಾಗ ಸಮುದ್ರದ ಸಿಟ್ಟು ನೋಡಿದ್ದೇನೆ. ಈ ನೀರಿನದ್ದು ಸಿಟ್ಟಲ್ಲ, ಅದರ ಮಾಮೂಲಿ ದಿನಚರಿ. ಅದಕ್ಕೇ ಇನ್ನೂ ಭಯವಾಯಿತು. ಸಾಹೇಬರೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಕೊರಕಲು ಮುಗಿದು ಕಣಿವೆ ತೆರೆದುಕೊಂಡ ಮೇಲೆ ಸಮಸ್ಯೆ ಶುರುವಾಯಿತು. ಹುಡುಗ ತನ್ನ ಕಾಲಿನ ಬಲ ತೋರಿಸಲು ಜೋರಾಗಿ ನಡೆದ. ಹುಡುಗನ ಉಸಿರು ಹತ್ತಿಸಲು ಸಾಹೇಬರು ಇನ್ನೂ ಜೋರಾಗಿ ನಡೆದರು. ಮಾವನಾಗುವವರ ಹಿಂದೆ ಬೀಳಬಾರದೆಂದು ಅವನು ಓಡಿದ. ಅಳಿಯನಾಗುವವನ ಮುಂದೆ ಸೋಲಬಾರದೆಂದು ಇವರು ಓಡಿದರು. ಗೈಡ್ ಆದ ತಪ್ಪಿಗೆ, ಊಟದ ಡಬ್ಬಿ ಹೊತ್ತುಕೊಂಡು, ನಾನೂ ಓಡಿದೆ. ಹುಡುಗಿ ಮಾತ್ರ ಒಂದೇ ಸಮನೆ, ಅಂಗಡಿಗೆ ಹಾಲು ತರಲು ಹೊರಟವಳ ಹಾಗೆ, ಹಿಂದೆ ಬರುತ್ತಿದ್ದಳು.

‘ಅಬ್ಬಾ, ಮೇಲೆ ಯಾರಾದರೂ ಮೀಟಿಂಗ್ ಇಟ್ಟಿದ್ದಾರಾ?’ ಅಂತ ಅಪ್ಪನನ್ನು ಕೂಗಿ ಕೇಳಿದಳು.

ದಾರಿಯಲ್ಲಿ ಇಬ್ಬರು ಜರ್ಮನ್ ಅಜ್ಜ ಅಜ್ಜಿ. ಎರಡೂ ಕೈಯಲ್ಲಿ ಕೋಲು, ಒಂದು ಹೆಜ್ಜೆ ಇಟ್ಟು, ಇಟ್ಟದ್ದನ್ನು ನೋಡಿ ಖುಷಿಪಟ್ಟು, ಆಮೇಲೆ ಇನ್ನೊಂದು ಹೆಜ್ಜೆ. ನಾವು ದಾಟಿ ಹೋಗುವಾಗ ಅಜ್ಜಿ ‘ಲಾಂಗ್‌ಸಾಮ್, ಲಾಂಗ್‌ಸಾಮ್’ ಅಂದರು. ನಿಧಾನ, ನಿಧಾನ ಅಂತ. ಸಾಹೇಬರು ಕೋಲೆತ್ತಿ ಸಲಾಮು ಹೊಡೆದು ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ನಾವು ಕಲ್ಲಿನ ಮೇಲೆ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದಾಗ ಅವರು ನಮ್ಮನ್ನು ದಾಟಿದರು. ಮತ್ತೆ ನಾವು ಓಡಿ ಅವರನ್ನು ದಾಟಿದೆವು. ಮತ್ತೆ ಬಿದ್ದೆವು. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದರಂತೆ: ‘ನಿಮ್ಮ ಧರ್ಮದಲ್ಲಿ ಬೆಟ್ಟವನ್ನು ಹೀಗೇ ಹತ್ತಬೇಕಾ?’

ಮೂರನೆಯವರು

ಮರಗಳು ಮುಗಿದವು. ಹುಲ್ಲು ಮುಗಿಯಿತು. ಆಮೇಲೆ ಬರೀ ಕಲ್ಲು. ಬಿಳಿ, ಬೂದು, ಮತ್ತೆ ಬಿಳಿ. ಒಂದು ಊರು ಹಿಡಿಸುವಷ್ಟು ದೊಡ್ಡ ಬಟ್ಟಲು, ಅದರ ತುಂಬ ಒಡೆದ ಕಲ್ಲು, ಅಲ್ಲಲ್ಲಿ ಬೇಸಿಗೆಯಲ್ಲೂ ಕರಗದ ಕೊಳಕು ಹಿಮ. ಹಕ್ಕಿಯಿಲ್ಲ, ನೀರಿನ ಸದ್ದಿಲ್ಲ. ನಾನು ಒಂದು ಕಲ್ಲು ಒದ್ದೆ. ಅದು ಉರುಳಿ ನಿಲ್ಲುವವರೆಗೆ ಇಡೀ ಬೆಟ್ಟ ಕೇಳಿಸಿಕೊಂಡಿತು. ಮತ್ತೆ ಒದೆಯಲು ಧೈರ್ಯ ಬರಲಿಲ್ಲ. ಯಾರದ್ದೋ ದೊಡ್ಡವರ ಮನೆಯ ಹಜಾರದಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡಿದ ಹಾಗೆ ಅನ್ನಿಸಿತು.

ಅಲ್ಲೇ ತಲೆನೋವು ಶುರುವಾಯಿತು. ಹಣೆಯ ಒಳಗೆ ಯಾರೋ ಕುಟ್ಟಾಣಿ ಇಟ್ಟುಕೊಂಡು ಶುಂಠಿ ಕುಟ್ಟುತ್ತಿದ್ದಾರೆ. ಹೊಟ್ಟೆಯಲ್ಲಿ ಬೆಳಗಿನ ಚಿತ್ರಾನ್ನ ಎದ್ದು ನಿಂತಿದೆ. ಗೈಡ್ ಆದವನು ಹೇಳಿಕೊಳ್ಳುವ ಹಾಗಿಲ್ಲ.

ಸಾಹೇಬರು ನನ್ನ ತೋಳು ಹಿಡಿದು ಬಂಡೆಯ ಹಿಂದಕ್ಕೆ ಕರೆದುಕೊಂಡು ಹೋದರು. ಮುಖ ಸುಣ್ಣದ ಹಾಗಿತ್ತು. ‘ಏನಿಲ್ಲ ಕಣಪ್ಪಾ, ಸ್ವಲ್ಪ ಪಿತ್ತ ಕೆರಳಿದೆ. ಎರಡು ಸಲ ವಾಂತಿ ಆಯ್ತು. ನಿಂಬೆಹಣ್ಣು ಇದೆಯಾ? ಹುಡುಗನಿಗೆ ಮಾತ್ರ ಹೇಳಬೇಡ. ನನ್ನ ಮರ್ಯಾದೆ ಪ್ರಶ್ನೆ.’

ಅರ್ಧ ನಿಂಬೆಹಣ್ಣು ಕೊಟ್ಟು ಈಚೆ ಬಂದರೆ ಇನ್ನೊಂದು ಬಂಡೆಯ ಹಿಂದಿನಿಂದ ಹುಡುಗ ಕೈ ಬೀಸುತ್ತಿದ್ದ. ‘ಗುರು, ತಲಿ ಸಿಡ್ಯಾಕತ್ತೈತಿ. ಹೊಟ್ಟ್ಯಾಗ ಇದ್ದದ್ದೆಲ್ಲಾ ಹೋತು. ಅಂಕಲ್‌ಗ ಹೇಳಬ್ಯಾಡ ನೋಡು. ನಂದು ಜೀವನದ ಪ್ರಶ್ನೆ.’

ಉಳಿದ ಅರ್ಧ ನಿಂಬೆಹಣ್ಣು ಅವನಿಗೆ ಕೊಟ್ಟೆ. ನಾನು ಹುಡುಗಿಯ ಹತ್ತಿರ ಹೋಗಿ, ಯಾರೂ ಕೇಳಿಸಿಕೊಳ್ಳದ ಹಾಗೆ, ‘ತಂಗೀ, ನನಗೆ ಒಂಥರಾ ತಲೆ ಸುತ್ತು, ವಾಕರಿಕೆ. ಮಾತ್ರೆ ಇದ್ದರೆ ಕೊಡಮ್ಮಾ. ಅವರಿಬ್ಬರಿಗೂ ಗೊತ್ತಾಗೋದು ಬೇಡ’ ಅಂದೆ.

ಅವಳು ಮಾತ್ರೆ ಆಗಲೇ ಕೈಯಲ್ಲಿ ಹಿಡಿದುಕೊಂಡಿದ್ದಳು. ‘ಅಣ್ಣಾ’ ಅಂದಳು, ‘ನೀವು ಮೂರನೆಯವರು.’

ಕೊನೆಯ ರೈಲು

ಈ ಬೆಟ್ಟದ ವಿಶೇಷ ಒಂದಿದೆ, ಅದನ್ನು ಯಾರೂ ನನಗೆ ಹೇಳಿರಲಿಲ್ಲ. ದಿನವಿಡೀ ನಡೆದು, ಹೊಟ್ಟೆ ಖಾಲಿ ಮಾಡಿಕೊಂಡು, ಅರ್ಧ ಜೀವವಾಗಿ ಆ ಕಲ್ಲಿನ ಬಟ್ಟಲು ದಾಟಿ ಮೇಲೆ ಬಂದರೆ ಅಲ್ಲೊಂದು ರೈಲ್ವೆ ಸ್ಟೇಷನ್ನು. ಕೆಳಗಿನಿಂದ ಸುರಂಗದಲ್ಲಿ ಹಲ್ಲುಗಾಲಿಯ ರೈಲು ಬರುತ್ತದೆ. ಅದರಿಂದ ಇಳಿದ ಜನ ಐಸ್‌ಕ್ರೀಮು ತಿನ್ನುತ್ತಿದ್ದರು. ಒಬ್ಬಾಕೆ ಹೀಲ್ಸ್ ಹಾಕಿದ್ದಳು. ಉದ್ದ ಮೈಯ, ಗೇಣು ಕಾಲಿನ ಒಂದು ನಾಯಿ ಸ್ವೆಟರ್ ಹಾಕಿಕೊಂಡು ನಮ್ಮ ಕಡೆ ನೋಡಿತು. ಸಾಹೇಬರು ಆ ನಾಯಿಯ ಕಣ್ಣು ತಪ್ಪಿಸಿದರು.

ಕೆಳಗೆ ಹೋಗುವ ಕೊನೆಯ ರೈಲು ನಿಂತಿತ್ತು, ಬಾಗಿಲು ತೆರೆದುಕೊಂಡು. ಹುಡುಗಿ ನೇರವಾಗಿ ಹೇಳಿದಳು: ‘ಇದು ಪಿತ್ತ ಅಲ್ಲ, ಎತ್ತರದ ಕಾಯಿಲೆ. ಓಡಿಕೊಂಡು ಬಂದಿದ್ದಕ್ಕೆ. ಇಳಿದರೆ ಹೋಗುತ್ತೆ. ಹತ್ತಿ ಎಲ್ಲರೂ.’

‘ನನಗೇನಾಗಿದೆ?’ ಅಂದರು ಸಾಹೇಬರು. ‘ಹುಡುಗನಿಗೆ ಆಗಲ್ಲ ಅಂದರೆ ಹೇಳಲಿ, ಇಳಿಯೋಣ.’

‘ನಾ ಆರಾಮ ಅದೇನಿ’ ಅಂದ ಹುಡುಗ, ಕಂಬ ಹಿಡಿದುಕೊಂಡು. ‘ಅಂಕಲ್‌ಗ ದಣಿವಾಗಿದ್ರ ಹೋಗೂಣ್ರಿ.’

‘ದಣಿವಾ? ನನಗಾ? ನೀನು ಹೇಳಪ್ಪಾ.’

‘ನೀವು ದೊಡ್ಡವರು. ನೀವ ಹೇಳ್ರಿ.’

‘ಇಲ್ಲ, ನಿನ್ನಿಷ್ಟ.’

‘ನಿಮ್ಮಿಷ್ಟರಿ.’

ಮದುವೆ ಮನೆಯ ಬಾಗಿಲಲ್ಲಿ ‘ನೀವು ಮೊದಲು, ನೀವು ಮೊದಲು’ ಅಂತ ನಿಲ್ಲುತ್ತಾರಲ್ಲ, ಹಾಗೆ. ಇಬ್ಬರೂ ನನ್ನ ಕಡೆ ತಿರುಗಿದರು. ‘ಗೈಡ್ ಹೇಳಲಿ.’ ನಾನು ಬಾಯಿ ತೆರೆದರೆ ಮಾತಿನ ಜೊತೆ ಬೇರೇನಾದರೂ ಬಂದೀತೆಂದು ತುಟಿ ಬಿಗಿಹಿಡಿದು ತಲೆಯನ್ನು ಎರಡು ಕಡೆಗೂ ಆಡಿಸಿದೆ. ಅವರವರಿಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡರು.

ಬಾಗಿಲು ಮುಚ್ಚಿತು. ರೈಲು ಹೋಯಿತು. ಕಿಟಕಿಯಲ್ಲಿ ಆ ನಾಯಿ ನಮ್ಮನ್ನೇ ನೋಡುತ್ತಿತ್ತು. ಅರಸೀಕೆರೆಯಲ್ಲಿ ಹುಟ್ಟಿದವನು ನಾನು. ರೈಲು ಬಿಟ್ಟುಹೋದಾಗ ಅಳು ಬಂದದ್ದು ಅದೇ ಮೊದಲು.

ಘಾಟು

ಗುಡಿಸಲು ಅನ್ನುತ್ತಾರೆ, ಆದರೆ ಅದು ಕಲ್ಲಿನ ದೊಡ್ಡ ಮನೆ. ಬಾಗಿಲಲ್ಲೇ ಬೂಟು ಬಿಚ್ಚಿ ಅವರ ಉಣ್ಣೆಯ ಚಪ್ಪಲಿ ಹಾಕಿಕೊಳ್ಳಬೇಕು. ಒಳಗೆ ಉದ್ದ ಮೇಜುಗಳು, ಸೌದೆ ಒಲೆ, ಒಲೆಯ ಸುತ್ತ ಒಣಗಲು ಹಾಕಿದ ಕಾಲುಚೀಲಗಳು. ಅಲ್ಲಿನ ಯಜಮಾನಿ ನನ್ನ ಎರಡರಷ್ಟು ಅಗಲ. ನಮ್ಮ ಮೂವರ ಮುಖ ನೋಡಿ ಏನೂ ಕೇಳಲಿಲ್ಲ, ಹುಡುಗಿಗೆ ಹೇಳಿದಳು: ಬಿಸಿ ಚಹಾ ಕುಡಿಸು, ನೀರು ಕುಡಿಸು, ಇಲ್ಲಿಂದ ಮೇಲೆ ಒಂದು ಹೆಜ್ಜೆಯೂ ಬೇಡ, ಜಾಸ್ತಿಯಾದರೆ ನನ್ನನ್ನು ಕರೆ, ಇಲ್ಲವಾದರೆ ಬೆಳಗ್ಗೆ ಮೊದಲ ರೈಲು. ಹುಡುಗಿ ಅದನ್ನು ಕನ್ನಡಕ್ಕೆ ತಿರುಗಿಸಿದಳು. ಸಾಹೇಬರು, ‘ಬೆಳಗ್ಗೆ ತುದಿಗೆ ಹೋಗೇ ಹೋಗ್ತೀನಿ’ ಅಂದರು. ‘ನಾನೂ ಬರ್ತೇನ್ರಿ’ ಅಂದ ಹುಡುಗ, ಗೋಡೆಗೆ ಒರಗಿ. ಹುಡುಗಿ ಚಹಾ ತರಲು ಎದ್ದು ಹೋದಳು.

ಹೊರಗೆ ಮೋಡ ಕವಿದಿತ್ತು. ಕಿಟಕಿಯಲ್ಲಿ ಬರೀ ಬಿಳಿ. ಅಜ್ಜ ಅಜ್ಜಿ ನಮಗಿಂತ ಮೊದಲೇ ಬಂದು ಸೂಪು ಕುಡಿಯುತ್ತಿದ್ದರು.

ಸಾಹೇಬರು ನನ್ನ ಕಿವಿಯ ಹತ್ತಿರ ಬಾಗಿದರು. ‘ನಾನು ಯೋಚನೆ ಮಾಡ್ದೆ ಕಣಪ್ಪಾ. ಪಿತ್ತ ಅಲ್ಲ ಇದು. ಬೆಳಗ್ಗೆ ಸ್ಟೇಷನ್ನಲ್ಲಿ ಎಲ್ಲರೂ ನನ್ನನ್ನೇ ನೋಡ್ತಿದ್ದರು, ಈ ವಯಸ್ಸಲ್ಲಿ ಎಷ್ಟು ಚುರುಕು ಅಂತ. ನಜರ್ ತಗಲಿದೆ.’

ಇದು ನನಗೆ ಬಹಳ ಸರಿಯಾಗಿ ಕಂಡಿತು. ‘ನಮ್ಮಲ್ಲಿ ದೃಷ್ಟಿ ಅಂತೀವಿ ಸರ್. ನನ್ನನ್ನೂ ನೋಡಿದರು. ಅಷ್ಟು ದೊಡ್ಡ ಚೀಲ ಹೊತ್ತಿದ್ದೆ.’

‘ನಿಮ್ಮಲ್ಲಿ ಹೇಗೆ ತೆಗೀತಾರೆ?’

‘ಉಪ್ಪು, ಒಣಮೆಣಸಿನಕಾಯಿ.’

‘ನಮ್ಮಲ್ಲೂ ಅದೇ.’ ಸಾಹೇಬರ ಮುಖದಲ್ಲಿ ಆ ದಿನ ಮೊದಲ ಸಲ ರಕ್ತ ಬಂತು. ‘ಇದೆಯಾ?’

ಮೊಸರನ್ನದ ಒಗ್ಗರಣೆಗೆ ತಂದ ಗುಂಟೂರು ಮೆಣಸಿನಕಾಯಿ ಇಡೀ ಪೊಟ್ಟಣ ಹಾಗೇ ಇತ್ತು. ಒಂದು ಹಿಡಿ ತೆಗೆದೆ, ಮೇಜಿನ ಮೇಲಿದ್ದ ಉಪ್ಪು ಸೇರಿಸಿದೆ, ಸಾಹೇಬರ ತಲೆಗೆ ಸುತ್ತಿದೆ, ಹುಡುಗನ ತಲೆಗೆ ಸುತ್ತಿದೆ, ನನ್ನ ತಲೆಗೂ ಸುತ್ತಿಕೊಂಡೆ. ಅಜ್ಜ ಸೂಪಿನ ಚಮಚ ಗಾಳಿಯಲ್ಲಿ ಹಿಡಿದು ನೋಡುತ್ತಿದ್ದ. ಸೌದೆ ಒಲೆಯ ಬಾಗಿಲು ತೆರೆದು ಒಳಗೆ ಹಾಕಿದೆ. ಗಡಿಬಿಡಿಯಲ್ಲಿ ಪೊಟ್ಟಣವೂ ಹೋಯಿತು.

ನಾನು ಹೋಟೆಲಿನಲ್ಲಿ ಬೆಳೆದವನು, ಘಾಟು ಗೊತ್ತಿಲ್ಲದವನಲ್ಲ. ಆದರೆ ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಎದ್ದದ್ದು ಬೇರೆಯೇ. ಮೊದಲು ಅಜ್ಜಿ ಸೀನಿದರು. ಆಮೇಲೆ ಒಂದು ಮೇಜು ಕೆಮ್ಮಿತು. ಆಮೇಲೆ ಎಲ್ಲಾ ಮೇಜು. ಹಗ್ಗ ಹಾಕಿ ಬಂಡೆ ಹತ್ತುವ ಗಟ್ಟಿ ಗಂಡಸರು ಕಣ್ಣು ಮುಚ್ಚಿಕೊಂಡು ಬಾಗಿಲಿಗೆ ಓಡಿದರು. ಯಾರೋ ಸೂಪಿನ ಬಟ್ಟಲು ಸಮೇತ ಓಡಿದರು. ಯಜಮಾನಿ ಕಿಟಕಿಗಳನ್ನೆಲ್ಲಾ ಒದ್ದು ತೆಗೆಯುತ್ತಾ, ನನಗೆ ಗೊತ್ತಿಲ್ಲದ ಜರ್ಮನ್ ಮಾತನಾಡುತ್ತಾ, ಕೊನೆಗೆ ತಾನೂ ಹೊರಗೆ ಬಂದಳು. ಇಡೀ ಗುಡಿಸಲು ಉಣ್ಣೆ ಚಪ್ಪಲಿಯಲ್ಲಿ ಬಯಲಿನಲ್ಲಿ ನಿಂತು ಕೆಮ್ಮುತ್ತಿತ್ತು.

ಆಗ ಒಬ್ಬ ಕೆಮ್ಮು ನಿಲ್ಲಿಸಿದ. ಇನ್ನೊಬ್ಬ ನಿಲ್ಲಿಸಿದ. ಏನಾಯಿತೆಂದು ನಾನು ಕಣ್ಣು ಒರೆಸಿಕೊಂಡು ನೋಡಿದೆ.

ಮೋಡ ಹೋಗಿತ್ತು. ಹೋಗಿತ್ತು ಅಂದರೆ ನಮ್ಮ ಕಾಲ ಕೆಳಗೆ ಹೋಗಿ ಬಿದ್ದುಕೊಂಡಿತ್ತು, ಹಾಲಿನ ಕೆರೆಯ ಹಾಗೆ. ಆ ಕೆರೆಯಿಂದ ಬೆಟ್ಟದ ತುದಿಗಳು ಎದ್ದು ನಿಂತಿದ್ದವು. ಒಂದರ ಹಿಂದೆ ಒಂದು, ಅದರ ಹಿಂದೆ ಮತ್ತೊಂದು. ಆಸ್ಟ್ರಿಯಾ ಅಂತೆ, ಇಟಲಿ ಅಂತೆ, ಅಲ್ಲಿಂದ ಆಚೆ ಯಾವ ದೇಶವೋ. ಸೂರ್ಯ ಮುಳುಗುತ್ತಿದ್ದ. ಮಧ್ಯಾಹ್ನವೆಲ್ಲಾ ಬೂದಿಯಂತೆ ಬಿದ್ದಿದ್ದ ಆ ಕಲ್ಲಿನ ಗೋಡೆ ಒಳಗಿನಿಂದ ಕೆಂಡ ಹತ್ತಿಕೊಂಡಂತೆ ಕೆಂಪಾಯಿತು. ಕೆಳಗಿನಿಂದ ಮೇಲಕ್ಕೆ ನೆರಳು ಏರುತ್ತಾ ಬಂತು, ಕೆಂಪು ಮೇಲಕ್ಕೆ ಸರಿಯುತ್ತಾ ಹೋಯಿತು, ಕೊನೆಗೆ ತುದಿಯ ಶಿಲುಬೆಯ ಮೇಲೆ ಒಂದು ಕಿಡಿಯಾಗಿ ನಿಂತಿತು. ಅಷ್ಟು ಜನರಲ್ಲಿ ಒಬ್ಬರೂ ಫೋನು ತೆಗೆಯಲಿಲ್ಲ. ಫೋನುಗಳೆಲ್ಲಾ ಒಳಗೆ ಘಾಟಿನಲ್ಲಿದ್ದವು. ಅಜ್ಜ ಅಜ್ಜಿಯ ಕೈ ಹಿಡಿದುಕೊಂಡ. ಎಲ್ಲರ ಕಣ್ಣಲ್ಲೂ ನೀರಿತ್ತು. ಮೆಣಸಿನಕಾಯಿಗೋ ಬೆಟ್ಟಕ್ಕೋ, ಯಾರೂ ಹೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಸಾಹೇಬರು ಮೂಗು ಒರೆಸಿಕೊಂಡು, ಸಣ್ಣ ದನಿಯಲ್ಲಿ, ‘ನಜರ್ ಇಲ್ಲ ಕಣಪ್ಪಾ’ ಅಂದರು.

ನಾನೂ ಅದನ್ನೇ ಯೋಚಿಸುತ್ತಿದ್ದೆ. ದೃಷ್ಟಿ ಇದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರಬಾರದು. ಅವರ ಮನೆಯಲ್ಲೂ ಲೆಕ್ಕ ಅದೇ, ನಮ್ಮ ಮನೆಯಲ್ಲೂ ಅದೇ. ಇಲ್ಲಿ ಬಂದ ಘಾಟಿಗೆ ಆಸ್ಟ್ರಿಯಾದಲ್ಲೂ ಸೀನಿರಬೇಕು.

ಆಗ ಹುಡುಗ ಮುಂದೆ ಬಂದ. ‘ಅಂಕಲ್, ಹಂಗಾರ ಇದು ಎತ್ತರದ್ದ ಕಾಯಿಲೆ. ಆಕಿ ಹೇಳಿದ್ದ ಖರೆ. ಮಧ್ಯಾಹ್ನದಿಂದ ನನಗ ಆಗವಲ್ದು. ನಾ ನಾಳೆ ಮ್ಯಾಲ ಬರಂಗಿಲ್ಲ. ನೀವೂ ಹೋಗಬ್ಯಾಡ್ರಿ. ನಿಮ್ಮ ಮುಖ ನೋಡಿದ್ರ ಅಂಜಿಕಿ ಬರ್ತೈತಿ. ಈ ಸಂಬಂಧ ಒಲ್ಲೆ ಅಂದ್ರೂ ಚಿಂತಿಲ್ಲ, ಕೆಳಗ ಹೋಗಿ ಅನ್ರಿ.’

ಇಷ್ಟು ಹೇಳಿ ಬಾಯಿಗೆ ಕೈ ಅಡ್ಡ ಹಿಡಿದು ಕಲ್ಲಿನ ಹಿಂದೆ ಓಡಿದ. ಸಾಹೇಬರು ಒಂದು ಗಳಿಗೆ ನೆಟ್ಟಗೆ ನಿಂತರು. ಆಮೇಲೆ ಕೋಲು ನನ್ನ ಕೈಗೆ ಕೊಟ್ಟು ಅವರೂ ಓಡಿದರು. ಮಧ್ಯಾಹ್ನದಿಂದ ಬೇರೆ ಬೇರೆ ಬಂಡೆ ಹುಡುಕುತ್ತಿದ್ದ ಮಾವ ಅಳಿಯ, ಒಂದೇ ಬಂಡೆಯ ಹಿಂದೆ ಬಾಗಿ, ಒಬ್ಬರ ಬೆನ್ನು ಒಬ್ಬರು ಸವರುತ್ತಿದ್ದರು.

ಹುಡುಗಿ ಎರಡು ಕೈಯಲ್ಲಿ ಚಹಾ ಹಿಡಿದು ಬಂದು ನೋಡಿದಳು. ‘ಸದ್ಯ’ ಅಂದಳು, ‘ಪರಿಚಯ ಆಯ್ತಲ್ಲ.’

ಸಮುದ್ರಮಟ್ಟ

ಬೆಳಗಾಗುವ ಹೊತ್ತಿಗೆ ನಮ್ಮ ತಲೆ ಸ್ವಲ್ಪ ಹಗುರಾಗಿತ್ತು. ಆದರೂ ಮೂವರೂ ಕಂಬಳಿ ಹೊದ್ದು ಹೊರಗಿನ ಬೆಂಚಿನ ಮೇಲೆ ಮೊದಲ ರೈಲು ಕಾಯುತ್ತಾ ಕೂತೆವು. ಹುಡುಗಿ ಅಜ್ಜ ಅಜ್ಜಿಯ ಜೊತೆ ತುದಿಗೆ ಹೊರಟು ಹೋಗಿದ್ದಳು. ಇರುವೆಯಷ್ಟಾಗಿ ಆ ಗೋಡೆಯ ಮೇಲೆ ಏರುತ್ತಿರುವುದು ಕಾಣುತ್ತಿತ್ತು. ಹುಡುಗ ಕಣ್ಣು ಕೀಳಲಿಲ್ಲ.

ಸಾಹೇಬರು ಪೇಡೆ ಡಬ್ಬಿ ತೆರೆದು ಮೂಸಿ, ಮತ್ತೆ ಮುಚ್ಚಿದರು. ‘ನಾನು ಕಾಡಿನಲ್ಲಿ ಬಾಳಾ ಜನರನ್ನ ನೋಡಿದೀನಿ’ ಅಂದರು. ‘ಆಗುತ್ತೆ ಅನ್ನೋರೇ ಎಲ್ಲ. ನಿನ್ನೆ ನೀನು ಆಗಲ್ಲ ಅನ್ನದಿದ್ದರೆ ನಾನೂ ಅಂತಿರಲಿಲ್ಲ. ಹಟಕ್ಕೆ ಮೇಲೆ ಹೋಗಿರ್ತಿದ್ದೆ. ನನ್ನನ್ನ ಇಳಿಸೋಕೆ ಹೆಲಿಕಾಪ್ಟರ್ ಬರಬೇಕಿತ್ತು.’ ಹುಡುಗನ ಕಡೆ ತಿರುಗಿ ಹೇಳಿದರು: ‘ನನ್ನ ಕಡೆಯಿಂದ ಹೂಂ.’

ಇಬ್ಬರೂ ತಬ್ಬಿಕೊಂಡರು, ತಲೆ ಅಲುಗದ ಹಾಗೆ. ನನಗೂ ಕಣ್ಣು ತುಂಬಿತು. ಸಂಬಂಧ ಕುದುರಿತು ಅಂದುಕೊಂಡೆ.

ಹುಡುಗಿ ಇಳಿದು ಬಂದಾಗ ಅವಳ ಮುಖ ಬೇರೆಯಾಗಿತ್ತು. ನಮ್ಮ ಪಕ್ಕ ಚೀಲ ಇಳಿಸಿದಳು. ಆಮೇಲೆ, ‘ಅಬ್ಬಾ, ಬೆಟ್ಟದ ನೆರಳು ಮೋಡದ ಮೇಲೆ ಬಿದ್ದಿತ್ತು. ಗೋಪುರದ ಹಾಗೆ. ಎಷ್ಟು ಉದ್ದ ಅಂದ್ರೆ ಅದರ ತುದಿ ಯಾವುದೋ ಬೇರೆ ಊರಲ್ಲಿತ್ತು’ ಅಂದಳು.

‘ಕೂತ್ಕೋಮ್ಮಾ’ ಅಂದರು ಸಾಹೇಬರು ಸಂಭ್ರಮದಿಂದ. ‘ನಾನು ಹೂಂ ಅಂದೆ. ಹುಡುಗನೂ ಹೂಂ ಅಂದ. ಎಲ್ಲಾ ಆಯ್ತು.’

‘ಎಲ್ಲಾನಾ?’ ಅವಳು ನಮ್ಮ ಮೂವರನ್ನೂ, ಕಂಬಳಿಗಳನ್ನೂ ನೋಡಿದಳು. ‘ನೀವು ಗಂಡು ನೋಡಿದ್ರಿ ಅಬ್ಬಾ. ನಾನಿನ್ನೂ ನೋಡಿಲ್ಲ. ನಿನ್ನೆ ಬೆಳಗ್ಗೆಯಿಂದ ಇವರು ನಿಮ್ಮ ಹಿಂದೆ ಓಡಿದ್ದೇ ಓಡಿದ್ದು, ನನ್ನ ಹತ್ತಿರ ಮಾತಾಡಿದ್ದು ಮಾತ್ರೆ ಇದೆಯಾ ಅಂತ. ನಾನು ನೋಡಿದ್ದು ಮೂರು ಪೇಷಂಟ್‌ಗಳನ್ನ.’

ಹುಡುಗ ಎದ್ದು ನಿಂತ. ‘ಹಂಗಂದ್ರ?’

‘ಹಂಗಂದ್ರ’ ಅಂದಳು, ಅವನದೇ ಧಾಟಿಯಲ್ಲಿ, ‘ಗಂಡನ್ನ ನಾನು ಸಮುದ್ರಮಟ್ಟದಲ್ಲಿ ನೋಡ್ತೀನಿ.’

ತಮಾಷೆಗಲ್ಲ. ಉತ್ತರದ ಸಮುದ್ರದ ದಡಕ್ಕೇ ಕರೆದುಕೊಂಡು ಹೋದಳು. ಜೊತೆಗೆ ಸಾಹೇಬರು. ಅಲ್ಲಿ ಒಂದು ದ್ವೀಪಕ್ಕೆ ದೋಣಿಯಲ್ಲಿ ಹೋಗುವಾಗ ಗಾಳಿ ಎದ್ದಿತಂತೆ. ಬೆಟ್ಟದ ತುದಿ ಮುಟ್ಟಿದವಳಿಗೆ ಅಲೆ ಆಗಿಬರಲಿಲ್ಲ. ಕಾಗದದ ಚೀಲಕ್ಕೆ ಮುಖ ಹಾಕಿ ಕೂತಳಂತೆ. ಹುಡುಗ ಚೀಲ ಹಿಡಿದುಕೊಂಡು, ದಡ ಬರುವವರೆಗೂ ಅಲುಗದೆ, ಅವಳ ಕೂದಲು ಹಿಂದಕ್ಕೆ ಹಿಡಿದು ನಿಂತಿದ್ದನಂತೆ. ಇದನ್ನು ಸಾಹೇಬರೇ ಫೋನಿನಲ್ಲಿ ಹೇಳಿದರು. ‘ಮಧ್ಯದಲ್ಲಿ ಒಂದು ಸಲ ಹೂಂ ಅಂದಳಪ್ಪಾ. ಆದರೆ ಅಂದಿದ್ದು ಅವನಿಗೋ ಚೀಲಕ್ಕೋ ತಿಳೀಲಿಲ್ಲ. ದಡಕ್ಕೆ ಬಂದು ಮತ್ತೆ ಕೇಳಿದ್ವಿ.’

ಯಜಮಾನಿಯ ಬೇಡಿಕೆ

ಇನ್ನೊಂದು ಉಳಿದಿದೆ. ಆ ಬೆಳಗ್ಗೆ ನಾವು ಗುಡಿಸಲು ಬಿಡುವಾಗ ಯಜಮಾನಿ ನನ್ನೊಬ್ಬನನ್ನೇ ಬೆರಳು ಮಡಿಸಿ ಕರೆದಳು. ದಂಡ ಹಾಕುತ್ತಾಳೆ ಅಂದುಕೊಂಡು ಹೋದೆ. ಒಲೆಯ ಕಡೆ ತೋರಿಸಿ, ‘ಇನ್ನೂ ಇದೆಯಾ?’ ಅಂತ ಕೇಳಿದಳು. ಚೀಲದ ಮೂಲೆಯಲ್ಲಿ ಉದುರಿದ್ದ ನಾಲ್ಕು ಮೆಣಸಿನಕಾಯಿ ಆರಿಸಿ ಕೊಟ್ಟೆ. ಕಸಕ್ಕೆ ಹಾಕುತ್ತಾಳೆ ಅಂದುಕೊಂಡೆ. ಗಾಜಿನ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಕಪಾಟಿನ ಮೇಲೆ ಜೋಪಾನವಾಗಿ ಇಟ್ಟಳು.

ಆ ಗುಡಿಸಲುಗಳಲ್ಲಿ ರಾತ್ರಿ ಹತ್ತಕ್ಕೆ ದೀಪ ಆರಬೇಕು, ಎಲ್ಲರೂ ಮಲಗಬೇಕು. ಅದು ನಿಯಮ. ಆದರೆ ಬಿಯರ್ ಹಿಡಿದು ಹಾಡುತ್ತಾ ಕೂತವರನ್ನು ಎಬ್ಬಿಸಲು ಈಕೆ ವರ್ಷಗಟ್ಟಲೆ ಗಂಟೆ ಬಾರಿಸಿ, ಕೂಗಿ, ದೀಪ ಆರಿಸಿ ಸಾಕಾಗಿದ್ದಳು. ‘ನಿನ್ನೆ ಮೊದಲ ಸಲ’ ಅಂದಳು, ‘ನಾನು ಗಂಟೆ ಮುಟ್ಟದೆ ಇಡೀ ಕೋಣೆ ಖಾಲಿಯಾಯಿತು.’

ಈ ವಸಂತದಲ್ಲಿ ಅವಳಿಂದ ಮೆಸೇಜು ಬಂತು. ಬೇಸಿಗೆ ಸೀಸನ್ನಿಗೆ ಅಡುಗೆಮನೆಗೆ ಒಬ್ಬರು ಬೇಕು, ಬರುತ್ತೀಯಾ. ಬರುವುದಾದರೆ ಆ ಕೆಂಪು ವಸ್ತು ಜಾಸ್ತಿ ತಾ. ನಮ್ಮ ಹೋಟೆಲಿನ ಓನರ್‌ಗೆ ಹೇಳಿದೆ. ಅವರು ತಲೆ ಚಚ್ಚಿಕೊಂಡು, ‘ಅಲ್ಲಯ್ಯಾ, ಎತ್ತರ ನಿನಗೆ ಆಗಲ್ವಲ್ಲ’ ಅಂದರು. ಆಗಲ್ಲ. ಈ ಸಲ ಕಣಿವೆಯಲ್ಲೇ ಒಂದು ರಾತ್ರಿ ಮಲಗಿ, ಅಜ್ಜಿ ಹೇಳಿದ ಹಾಗೆ ಲಾಂಗ್‌ಸಾಮ್ ಹೋಗುತ್ತೇನೆ. ಎರಡು ದಿನ ತಲೆ ಕುಟ್ಟಿದರೆ ಕುಟ್ಟಲಿ. ಆ ಗೋಡೆ ಕೆಂಪಾಗುವುದನ್ನು ದಿನಾ ನೋಡಬಹುದು ಅಂದರೆ ಶುಂಠಿ ಕುಟ್ಟಿಸಿಕೊಳ್ಳಲು ನಾನು ತಯಾರು.

ಈಗ ಚೀಲ ಕಟ್ಟುತ್ತಿದ್ದೇನೆ. ಬ್ಯಾಡಗಿ ಬರೀ ಬಣ್ಣಕ್ಕೆ, ಅದು ಬೇಡ. ಗುಂಟೂರು ತಳಕ್ಕೆ, ಬಟ್ಟೆ ಅದರ ಮೇಲೆ, ಮಾತ್ರೆ ಕೈಗೆ ಸಿಗುವ ಹಾಗೆ ಎಲ್ಲಕ್ಕಿಂತ ಮೇಲೆ. ಮಧ್ಯದಲ್ಲಿ ಸಾಹೇಬರು ಮೈಸೂರಿನಿಂದ ಫೋನ್ ಮಾಡಿದರು. ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ನಿಕಾಹ್, ಬರಲೇಬೇಕು, ಬರುವಾಗ ಜೇಬಿನಲ್ಲಿ ಮೆಣಸಿನಕಾಯಿ ಇಟ್ಟುಕೊಳ್ಳಬೇಡ ಅಂದರು. ನಾನು ಮತ್ತೆ ಆ ಬೆಟ್ಟಕ್ಕೆ ಹೊರಟೆ ಅಂದೆ.

ಸಾಹೇಬರಿಗೆ ಆ ಕೆಂಪು ನೆನಪಾಗಿರಬೇಕು. ದನಿ ತಗ್ಗಿಸಿ ಕೇಳಿದರು: ‘ಈ ಸಲ ಎಲ್ಲಿವರೆಗೆ ಹೋಗ್ತೀಯಪ್ಪಾ?’

ಯಜಮಾನಿಯನ್ನು ನಾನು ಮೊದಲೇ ವಿಚಾರಿಸಿಕೊಂಡಿದ್ದೆ. ಅಡುಗೆಮನೆಯ ಕಿಟಕಿ ಬೆಟ್ಟದ ಕಡೆಗೇ ಇದೆಯಂತೆ.

‘ಸಿಂಕ್‌ವರೆಗೆ ಸರ್’ ಅಂದೆ.